ಪಾಪಶಂಕೆ: ಪಾಪನಿವೇದನೆಯೂ ಮನೋಚಿಕಿತ್ಸೆಯೂ ಸಂಧಿಸುವಲ್ಲಿ

ಪೀಠಿಕೆ

ಪಾಪನಿವೇದನೆ ಕೇಳಲು ಕುಳಿತ ಪ್ರತಿಯೊಬ್ಬ ಗುರುವಿಗೂ ಪರಿಚಿತವಾದ ಸನ್ನಿವೇಶವೊಂದಿದೆ. ನಿನ್ನೆಯಷ್ಟೇ ಪಾಪಕ್ಷಮೆ ಪಡೆದು ಹೋದವರು ಇಂದು ಮತ್ತೆ ಬಂದು ಮೊಣಕಾಲೂರುತ್ತಾರೆ. ಅದೇ ಪಾಪ, ಅದೇ ವಿವರ, 'ನಿನ್ನೆ ಸರಿಯಾಗಿ ಹೇಳಿದೆನೋ ಇಲ್ಲವೋ' ಎಂಬ ಅದೇ ಕಳವಳ. ಅವರನ್ನು ಒಮ್ಮೆ ಮಹಾಭಕ್ತರೆಂದು ಮೆಚ್ಚುತ್ತೇವೆ. ಬೇಸರ ಬಂದಾಗ ಗದರಿ ಕಳುಹಿಸುತ್ತೇವೆ. ಎರಡರಿಂದಲೂ ಅವರ ನೋವು ಇಳಿಯದು. ನೈತಿಕ ದೈವಶಾಸ್ತ್ರವು ಈ ಸ್ಥಿತಿಯನ್ನು 'ಸ್ಕ್ರುಪುಲುಸ್' ಎಂಬ ಲತೀನ್ ಪದದಿಂದ ಗುರುತಿಸಿತು. ಚೂಪಾದ ಸಣ್ಣ ಕಲ್ಲು ಎಂಬುದು ಅದರ ಮೂಲಾರ್ಥ. ಪಾದರಕ್ಷೆಯೊಳಗೆ ಹೊಕ್ಕ ಹರಳು ಹೆಜ್ಜೆಹೆಜ್ಜೆಗೂ ಚುಚ್ಚುವಂತೆ ಇದು ಮನಸ್ಸಾಕ್ಷಿಯನ್ನು ಚುಚ್ಚುತ್ತದೆ. ಕನ್ನಡದಲ್ಲಿ ಇದನ್ನು ಪಾಪಶಂಕೆ ಎನ್ನೋಣ.

ಕಥೋಲಿಕ ವಿಶ್ವಾಸಕ್ಕೂ ಮನೋಚಿಕಿತ್ಸೆಗೂ ಇರುವ ಸಂಬಂಧವನ್ನು ಈ ಲೇಖನದಲ್ಲಿ ಪಾಪಶಂಕೆಯ ಮೂಲಕ ಪರಿಶೀಲಿಸುತ್ತೇವೆ. ಏಕೆಂದರೆ ಇಲ್ಲಿ ಗುರುವಿನ ಕಾರ್ಯವೂ ಚಿಕಿತ್ಸಕರ ಕಾರ್ಯವೂ ಒಬ್ಬರೇ ವ್ಯಕ್ತಿಯ ಒಂದೇ ನೋವನ್ನು ಮುಟ್ಟುತ್ತವೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಉದಾಹರಣೆಗಾಗಿಯೂ ಬಳಸುವಂತಿಲ್ಲ. ಆದಕಾರಣ, ತಮ್ಮ ಪಾಪಶಂಕೆಯನ್ನು ತಾವೇ ಲೋಕಕ್ಕೆ ತಿಳಿಸಿದ ಸಂತರೊಬ್ಬರಿಂದ ಆರಂಭಿಸುತ್ತೇವೆ.

1. ಮನ್ರೆಸಾದಲ್ಲಿ ಸಂತ ಇಗ್ನೇಷಿಯಸ್

ಲೊಯೋಲದ ಇಗ್ನೇಷಿಯಸರು 1522ರಲ್ಲಿ ಮೊಂಟ್ಸೆರಾಟ್ ಪುಣ್ಯಕ್ಷೇತ್ರದಲ್ಲಿ ತಮ್ಮ ಇಡೀ ಜೀವನದ ಪಾಪಗಳನ್ನು ಬರೆದುಕೊಂಡು ಮೂರು ದಿನ ನಿವೇದಿಸಿದರು. ಆದರೂ ಮನ್ರೆಸಾಕ್ಕೆ ಬಂದ ಮೇಲೆ, ಏನೋ ಬಿಟ್ಟುಹೋಯಿತೆಂಬ ಶಂಕೆ ಅವರನ್ನು ಕಾಡತೊಡಗಿತು. ತೀರ ಸ್ಪಷ್ಟವಾದುದನ್ನು ಬಿಟ್ಟು ಹಳೆಯದನ್ನು ಮತ್ತೆ ಹೇಳಬೇಡಿರೆಂದು ಗುರುಗಳು ಆಜ್ಞಾಪಿಸಿದರು. ಇಗ್ನೇಷಿಯಸರಿಗಾದರೋ ಎಲ್ಲವೂ ಸ್ಪಷ್ಟವಾಗಿಯೇ ತೋರುತ್ತಿದ್ದುದರಿಂದ ಆ ಆಜ್ಞೆ ಪ್ರಯೋಜನಕ್ಕೆ ಬರಲಿಲ್ಲ. ದಿನಕ್ಕೆ ಏಳು ಗಂಟೆ ಪ್ರಾರ್ಥಿಸಿದರು. ಒಂದು ವಾರ ಏನನ್ನೂ ತಿನ್ನದೆ ಉಪವಾಸವಿದ್ದರು. ಪ್ರಾಣವನ್ನೇ ಕಳೆದುಕೊಳ್ಳಬೇಕೆಂಬ ಪ್ರಚೋದನೆಯೂ ಅವರಿಗೆ ಬಂದಿತ್ತು. ಕೊನೆಗೆ, ಈ ಯೋಚನೆಗಳು ಯಾವ ದಾರಿಯಿಂದ ಬಂದು ಎಲ್ಲಿಗೆ ಒಯ್ಯುತ್ತಿವೆಯೆಂಬುದನ್ನು ಗಮನಿಸಿ, ಹಳೆಯ ಪಾಪಗಳನ್ನು ಮತ್ತೆ ನಿವೇದಿಸುವುದಿಲ್ಲವೆಂದು ನಿಶ್ಚಯಿಸಿದರು. ಅಂದಿನಿಂದ ಬಿಡುಗಡೆ ದೊರೆಯಿತೆಂದು ಅವರೇ ತಮ್ಮ ಆತ್ಮಕಥನದಲ್ಲಿ ಹೇಳಿ ಬರೆಯಿಸಿದ್ದಾರೆ.

ಐದು ಶತಮಾನಗಳ ದೂರದಿಂದ ಸಂತರೊಬ್ಬರಿಗೆ ರೋಗದ ಹೆಸರು ಹಚ್ಚುವುದು ನಮ್ಮ ಉದ್ದೇಶವಲ್ಲ. ಎರಡು ಸಂಗತಿಗಳನ್ನಷ್ಟೇ ಗಮನಿಸೋಣ. ಹೆಚ್ಚು ಪ್ರಾರ್ಥನೆ, ಹೆಚ್ಚು ಉಪವಾಸ, ಹೆಚ್ಚು ಪಾಪನಿವೇದನೆ ಅವರನ್ನು ಗುಣಪಡಿಸಲಿಲ್ಲ. ಮತ್ತೆ ನಿವೇದಿಸುವುದನ್ನು ನಿಲ್ಲಿಸಿದಾಗ ಬಿಡುಗಡೆಯಾಯಿತು. ಎಲ್ಲರಿಗೂ ಹಾಗೆ ಒಂದೇ ನಿಶ್ಚಯದಿಂದ ಬಿಡುಗಡೆ ದೊರೆಯದು. ಅಲ್ಲಿ ಚಿಕಿತ್ಸಕರ ನೆರವು ಬೇಕಾಗುತ್ತದೆ.

2. ರೋಗದ ಸ್ವರೂಪ

ತೀವ್ರವಾದ ಪಾಪಶಂಕೆಯನ್ನು ಇಂದಿನ ಮನೋವೈದ್ಯಶಾಸ್ತ್ರವು ಸಾಮಾನ್ಯವಾಗಿ ಗೀಳುರೋಗದ ಒಂದು ರೂಪವೆಂದು ಕಾಣುತ್ತದೆ. ಬೇಡದ ಯೋಚನೆಯೊಂದು ತಾನಾಗಿ ಮನಸ್ಸಿಗೆ ನುಗ್ಗುತ್ತದೆ: ಪರಮಪ್ರಸಾದದ ಎದುರಿನಲ್ಲಿ ಒಂದು ದೇವದೂಷಣೆಯ ಮಾತು, ಅಥವಾ ಅಶ್ಲೀಲವಾದ ಒಂದು ಚಿತ್ರ. ಆತಂಕ ಏರುತ್ತದೆ. ಅದನ್ನು ಇಳಿಸಲು ವ್ಯಕ್ತಿ ಪಾಪನಿವೇದನೆಗೆ ಓಡುತ್ತಾರೆ, ಪ್ರಾರ್ಥನೆಯನ್ನು ಮೊದಲಿನಿಂದ ಮತ್ತೆ ಹೇಳುತ್ತಾರೆ, 'ಇದು ಪಾಪವೇ ಫಾದರ್?' ಎಂದು ಪದೇ ಪದೇ ಕೇಳುತ್ತಾರೆ. ಕ್ಷಣಕಾಲ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ಮುಂದಿನ ಸುತ್ತಿಗೆ ಬೀಜ. ಓಡಿಬಂದರೆ ಮಾತ್ರ ಉಳಿಗಾಲವೆಂಬ ಪಾಠವನ್ನು ಮನಸ್ಸು ಕಲಿಯುತ್ತದೆ.

ಇದಕ್ಕೆ ಬಳಕೆಯಲ್ಲಿರುವ ಚಿಕಿತ್ಸೆ ಈ ಸುತ್ತನ್ನೇ ಮುರಿಯುತ್ತದೆ. ಶಂಕೆ ಬಂದರೂ ಅದನ್ನು ಪರಿಹರಿಸಿಕೊಳ್ಳಲು ಓಡದೆ, ಆತಂಕ ತಾನಾಗಿ ತಗ್ಗುವವರೆಗೂ ಸಹಿಸಿಕೊಳ್ಳುವುದನ್ನು ಚಿಕಿತ್ಸಕರು ಹಂತಹಂತವಾಗಿ ಅಭ್ಯಾಸ ಮಾಡಿಸುತ್ತಾರೆ. ಅಗತ್ಯವಿದ್ದಲ್ಲಿ ಮನೋವೈದ್ಯರು ಔಷಧಿಯನ್ನೂ ಕೊಡುತ್ತಾರೆ. ಹೀಗಿರುವಾಗ, ಬಂದಾಗಲೆಲ್ಲ ಪಾಪಕ್ಷಮೆ ನೀಡಿ ಕಳುಹಿಸುವ ದಯಾಳುವಾದ ಗುರು ತನಗರಿವಿಲ್ಲದೆಯೇ ರೋಗವನ್ನು ಪೋಷಿಸುತ್ತಿರಬಹುದು. ಗುರುದೀಕ್ಷೆಯ ಆರಂಭದ ವರ್ಷಗಳಲ್ಲಿ ನಾವೂ ತಾಳ್ಮೆಯಿಂದ ಕೇಳುವುದೊಂದೇ ಸಾಕೆಂದು ಬಗೆದಿದ್ದೆವು. ಆ ತಾಳ್ಮೆ ಒಳ್ಳೆಯದೇ ಆದರೂ ಅದಕ್ಕೆ ತಿಳಿವಳಿಕೆಯ ಕೊರತೆಯಿತ್ತು.

3. ಎರಡು ಬಗೆಯ ಅಪರಾಧಭಾವ

ಹಾಗಾದರೆ ಅಪರಾಧಭಾವವೆಲ್ಲವೂ ರೋಗವೇ? ಅಲ್ಲ. ವಿಶ್ವಗುರು ಹನ್ನೆರಡನೆಯ ಪಿಯುಸರು 1953ರ ಏಪ್ರಿಲ್ 13ರಂದು ಮನೋಚಿಕಿತ್ಸಕರನ್ನು ಉದ್ದೇಶಿಸಿ ಮಾಡಿದ ಭಾಷಣದಲ್ಲಿ ಈ ಭೇದವನ್ನು ತಿಳಿಯಾಗಿ ನಿರೂಪಿಸಿದರು. ವಿವೇಚನೆಗೆ ಹೊರತಾದ, ರೋಗಗ್ರಸ್ತ ಅಪರಾಧಭಾವವೂ ಉಂಟು; ನಿಜವಾಗಿ ಮಾಡಿದ ತಪ್ಪಿನ ಅರಿವೂ ಉಂಟು. ಎರಡನೆಯದನ್ನು ಯಾವ ಮನೋಚಿಕಿತ್ಸೆಯೂ ಅಳಿಸಲಾರದು. ಅದಕ್ಕೆ ಪಶ್ಚಾತ್ತಾಪವೂ ಕ್ಷಮೆಯೂ ಬೇಕು. ಇದರ ಮತ್ತೊಂದು ಮುಖವನ್ನೂ ನಾವು ಹೇಳಬೇಕು: ಮೊದಲನೆಯದನ್ನು ಪಾಪಕ್ಷಮೆಯ ಪುನರಾವರ್ತನೆ ಗುಣಪಡಿಸದು, ಏಕೆಂದರೆ ಅಲ್ಲಿ ಕ್ಷಮಿಸಬೇಕಾದ ಪಾಪವೇ ಇಲ್ಲ.

ಧರ್ಮಸಭೆಯ ಬೋಧನೆ ಇದಕ್ಕೆ ಗಟ್ಟಿಯಾದ ಆಧಾರ ಕೊಡುತ್ತದೆ. ಮಾರಕ ಪಾಪಕ್ಕೆ ಗಂಭೀರ ವಿಷಯ, ಪೂರ್ಣ ಅರಿವು, ಸ್ವಇಚ್ಛೆಯ ಸಮ್ಮತಿ ಮೂರೂ ಬೇಕೆಂದು ಧರ್ಮೋಪದೇಶ ಗ್ರಂಥ (1857) ಕಲಿಸುತ್ತದೆ. ತಾನಾಗಿ ನುಗ್ಗುವ, ವ್ಯಕ್ತಿಯೇ ಹೇಸಿ ದೂರತಳ್ಳುವ ಯೋಚನೆಯಲ್ಲಿ ಸಮ್ಮತಿ ಎಲ್ಲಿದೆ? ಭಯ, ರೂಢಿ, ಮಾನಸಿಕ ಕಾರಣಗಳು ಹೊಣೆಗಾರಿಕೆಯನ್ನು ತಗ್ಗಿಸಬಲ್ಲವು ಎನ್ನುತ್ತದೆ ಅದೇ ಗ್ರಂಥ (1735). ಭೂತೋಚ್ಚಾಟನೆಗೆ ಮುನ್ನ ಅದು ಮನೋರೋಗವಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂದೂ, ರೋಗದ ಚಿಕಿತ್ಸೆ ವೈದ್ಯವಿಜ್ಞಾನಕ್ಕೆ ಸೇರಿದ್ದೆಂದೂ ಅದು (1673) ಎಚ್ಚರಿಸುತ್ತದೆ. ಪಾಲನಾ ಸೇವೆಯಲ್ಲಿ ಮನಶ್ಶಾಸ್ತ್ರದ ಫಲಿತಗಳನ್ನು ಬಳಸಿಕೊಳ್ಳಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ 'ಗೌದಿಯುಮ್ ಎತ್ ಸ್ಪೆಸ್' (62) 1965ರಲ್ಲೇ ಸೂಚಿಸಿದೆ. ಕೃಪೆಯು ಪ್ರಕೃತಿಯನ್ನು ನಾಶಪಡಿಸದೆ ಪರಿಪೂರ್ಣಗೊಳಿಸುತ್ತದೆಂಬ ಸಂತ ತೋಮಸ್ ಅಕ್ವಿನಾಸರ ತತ್ತ್ವದ ಅನ್ವಯವೇ ಇದು.

4. ಚಿಕಿತ್ಸಕರು ಬೇರೆ ಧರ್ಮದವರಾದರೆ?

ನಮ್ಮ ಧರ್ಮಕೇಂದ್ರಗಳಲ್ಲಿ ಆಗಾಗ ಕೇಳಿಬರುವ ಪ್ರಶ್ನೆ ಇದು. ವಿಶ್ವಗುರು ಫ್ರಾನ್ಸಿಸರು ತಮ್ಮ 42ನೆಯ ವಯಸ್ಸಿನಲ್ಲಿ, ಅರ್ಜೆಂಟೀನಾದಲ್ಲಿದ್ದಾಗ, ಯೆಹೂದ್ಯರಾದ ಮನೋವಿಶ್ಲೇಷಕಿಯೊಬ್ಬರ ಬಳಿಗೆ ಆರು ತಿಂಗಳು ವಾರಕ್ಕೊಮ್ಮೆ ಹೋಗುತ್ತಿದ್ದುದಾಗಿ 2017ರಲ್ಲಿ ಪ್ರಕಟವಾದ ಸಂದರ್ಶನ ಗ್ರಂಥದಲ್ಲಿ ತಿಳಿಸಿದ್ದಾರೆ. ಆಕೆ ತಮ್ಮ ಮರಣಕಾಲದಲ್ಲಿ ಅವರನ್ನು ಕರೆಯಿಸಿಕೊಂಡರು. ಸಂಸ್ಕಾರಕ್ಕಾಗಿ ಅಲ್ಲ, ಆತ್ಮಿಕ ಸಂವಾದಕ್ಕಾಗಿ. ಒಬ್ಬರ ವಿಶ್ವಾಸವನ್ನು ಮತ್ತೊಬ್ಬರು ಗೌರವಿಸಿದರೆ ಚಿಕಿತ್ಸೆಗೆ ಧರ್ಮಭೇದ ಅಡ್ಡಿಯಾಗದು.

ಚಿಕಿತ್ಸಕರಲ್ಲಿ ನಾವು ಕೇಳಬೇಕಾದುದು ಸಾಮರ್ಥ್ಯ ಮತ್ತು ಗೌರವ. ವಿಶ್ವಾಸವೇ ರೋಗಕ್ಕೆ ಕಾರಣವೆಂದು ಅವರು ಭಾವಿಸಬಾರದು. ಪುನಃ ನಿವೇದಿಸದೆ ಪರಮಪ್ರಸಾದ ಸ್ವೀಕರಿಸುವುದು ತಕ್ಕ ಅಭ್ಯಾಸ. ದೇವದೂಷಣೆಯ ಕೃತ್ಯವನ್ನು ಮಾಡಿಸುವುದು ತಕ್ಕುದಲ್ಲ. ಅದೇ ಅಳತೆಗೋಲು ನಮಗೂ ಅನ್ವಯಿಸುತ್ತದೆ. ಕಥೋಲಿಕ ಆಪ್ತಸಲಹಾ ಕೇಂದ್ರಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ಇದೇ ಗೀಳು ಹಿಂದೂ ಮನೆಯಲ್ಲಿ ಮಡಿ-ಮೈಲಿಗೆಯ ರೂಪದಲ್ಲಿಯೂ, ಮುಸ್ಲಿಮರಲ್ಲಿ ನಮಾಜಿಗೆ ಮುನ್ನ ಮತ್ತೆ ಮತ್ತೆ ಅಂಗಶುದ್ಧಿ ಮಾಡುವ ರೂಪದಲ್ಲಿಯೂ ತೋರಬಹುದು. ಅವರ ವಿಶ್ವಾಸದೊಳಗಿನಿಂದಲೇ ಅವರಿಗೆ ನೆರವಾಗಬೇಕು. ನೋವಿನಲ್ಲಿರುವವರ ದೌರ್ಬಲ್ಯವು ಮತಬೋಧನೆಗೆ ಅವಕಾಶವಾಗಕೂಡದು. ಚಿಕಿತ್ಸೆಯಲ್ಲಿ ಧರ್ಮ, ಜಾತಿ, ಲಿಂಗ, ಲೈಂಗಿಕ ಒಲವು ಇವುಗಳ ಆಧಾರದಲ್ಲಿ ತಾರತಮ್ಯ ಸಲ್ಲದೆಂದು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ವಿಧಿಸಿದೆ.

5. ಗುರುವಿನ ಕರ್ತವ್ಯ

ರೋಗನಿರ್ಣಯ ಗುರುವಿನ ಕೆಲಸವಲ್ಲ. ಗುರುತಿಸಿ ದಾರಿ ತೋರುವುದು ಅವನ ಕೆಲಸ.

ಮೊದಲನೆಯದಾಗಿ, ಪಾಪಶಂಕೆಯುಳ್ಳವರಿಗೆ ಒಬ್ಬರೇ ಪಾಪನಿವೇದನಾ ಗುರು, ನಿಶ್ಚಿತ ಅವಧಿ, ಚಿಕ್ಕ ನಿವೇದನೆ ಎಂಬ ನಿಯಮ ಹಿತಕರ. ಒಮ್ಮೆ ಕ್ಷಮೆ ಪಡೆದುದನ್ನು ಮತ್ತೆ ಕೇಳುವುದಿಲ್ಲವೆಂದು ಮೃದುವಾಗಿ, ಆದರೆ ದೃಢವಾಗಿ ಹೇಳಬೇಕು. ಒಂದೇ ಪ್ರಶ್ನೆಗೆ ಹತ್ತು ಬಾರಿ ಸಮಾಧಾನ ಹೇಳುವುದು ಕರುಣೆಯಲ್ಲ.

ಎರಡನೆಯದಾಗಿ, ಚಿಕಿತ್ಸಕರೊಡನೆ ಮಾತನಾಡಬೇಕಾದರೆ ವ್ಯಕ್ತಿಯ ಒಪ್ಪಿಗೆ ಅಗತ್ಯ. ಪಾಪನಿವೇದನೆಯ ಮುದ್ರೆ ಅಭೇದ್ಯ (ಕ್ಯಾನನ್ 983). ಆದಕಾರಣ ಅವರು ಸಂಸ್ಕಾರದ ಹೊರಗೆ, ಬೇರೊಂದು ಭೇಟಿಯಲ್ಲಿ, ತಾವಾಗಿ ತಿಳಿಸಿದ್ದನ್ನು ಮಾತ್ರ ಹಂಚಿಕೊಳ್ಳಬಹುದು.

ಮೂರನೆಯದಾಗಿ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಅಳುಕಬಾರದು. ಕೇಳುವುದರಿಂದ ಆ ಯೋಚನೆ ಹುಟ್ಟದು. ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡದೆ, ವೈದ್ಯರ ಬಳಿ ಹೋಗುವಂತೆ ಅವರನ್ನು ಒಪ್ಪಿಸಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆ ಪ್ರತಿ ಧರ್ಮಕೇಂದ್ರದ ಫಲಕದಲ್ಲಿರಲಿ.

ಕೊನೆಯದಾಗಿ, ಗುರುಮಠದೊಳಗಣ ಮಾತು. ತನ್ನ ರೋಗವನ್ನು ತಿಳಿಸಿದರೆ ದೈವಕರೆಯೇ ಮುಗಿಯಿತೆಂದು ಹೆದರಿ ಮುಚ್ಚಿಡುವ ಗುರುವಿದ್ಯಾರ್ಥಿ ನಾಳೆ ಇತರರ ರೋಗವನ್ನು ಹೇಗೆ ಗುರುತಿಸಿಯಾನು? ಮನಶ್ಶಾಸ್ತ್ರಜ್ಞರ ನೆರವಿಗೆ ಅಭ್ಯರ್ಥಿಯ ಮುಕ್ತವಾದ, ತಿಳಿದು ಕೊಟ್ಟ ಸಮ್ಮತಿ ಇರಬೇಕೆಂದು ಕಥೋಲಿಕ ಶಿಕ್ಷಣ ಪರಿಷತ್ತಿನ 2008ರ ಮಾರ್ಗಸೂಚಿ ಹೇಳುತ್ತದೆ. ಆ ಸಮ್ಮತಿ ನಿಜವಾಗಿಯೂ ಮುಕ್ತವಾಗುವಂಥ ವಾತಾವರಣವನ್ನು ನಿರ್ಮಿಸುವುದು ಬೋಧಕರಾದ ನಮ್ಮ ಹೊಣೆ.

ಉಪಸಂಹಾರ

ಪಾಪಕ್ಷಮೆಯ ಮಾತನ್ನು ನುಡಿಯುವ ಅಧಿಕಾರ ಚಿಕಿತ್ಸಕರಿಗಿಲ್ಲ. ಗೀಳನ್ನು ಬಿಡಿಸುವ ವಿದ್ಯೆಯನ್ನು ಗುರುದೀಕ್ಷೆ ನಮಗೆ ಕೊಡುವುದಿಲ್ಲ. ಈ ಮಿತಿಯನ್ನು ಒಪ್ಪಿಕೊಂಡ ಗುರುವಿಗೆ ನೆರವು ಕೇಳುವುದು ಅವಮಾನವೆನಿಸದು. ಮುಂದಿನ ಸಲ ಅದೇ ವ್ಯಕ್ತಿ, ಅದೇ ಪಾಪವನ್ನು ಹೊತ್ತು ಬಂದಾಗ, ಅವರು ಕ್ಷಮೆಯನ್ನು ನಂಬಲಾಗದೆ ನರಳುತ್ತಿರುವರೆಂಬುದನ್ನು ನೆನೆಯೋಣ. ಪ್ರಭುವಿನ ಕ್ಷಮೆ ಅವರಿಗೆ ಈಗಾಗಲೇ ಸಂದಿದೆ. ಅದರಲ್ಲಿ ನೆಮ್ಮದಿಯಿಂದ ಬಾಳಲು ಅವರಿಗೆ ನೆರವಾಗುವ ಚಿಕಿತ್ಸಕರನ್ನು, ಅವರು ಯಾವ ಧರ್ಮದವರೇ ಆಗಿರಲಿ, ಈ ಸೇವೆಯಲ್ಲಿ ನಮ್ಮ ಸಹೋದ್ಯೋಗಿಗಳೆಂದು ಬರಮಾಡಿಕೊಳ್ಳೋಣ.