ವಿದ್ಯುತ್ ಕಾರ್ಮಿಕರೂ ಸರಕಾರದ ನೆರವೂ

ಕಾಯಕದ ಹಿರಿಮೆಯನ್ನು ಸಾರಿದ ಬಸವಣ್ಣನವರು ಹುಟ್ಟಿದ ನಾಡು ನಮ್ಮದು. ಅವಿಭಜಿತ ಬಸವನ ಬಾಗೇವಾಡಿ ತಾಲೂಕಿನ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವೂ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಸಾಮರ್ಥ್ಯದ ಜಲವಿದ್ಯುತ್ ಕೇಂದ್ರವೂ ಇರುವವು. ನಮ್ಮ ಮನೆಗಳಿಗೆ ಬೆಳಕು ಕೊಡುವ ಇಂಥ ಉದ್ಯಮದ ಕಾರ್ಮಿಕರಿಗೆ ಆರ್ಥಿಕ ಮುಗ್ಗಟ್ಟಿನಲ್ಲಿ ಸರಕಾರದ ನೆರವು ಹೇಗೆ ಮುಟ್ಟುವದು? 2020ನೆಯ ವರ್ಷದ ಅನುಭವದಿಂದ ಇದನ್ನು ವಿವರಿಸುವದೇ ಈ ಲೇಖನದ ಉದ್ದೇಶವು.

ಆ ವರ್ಷದ ಮಾರ್ಚ್ 25ರಿಂದ ಕರೋನಾ ರೋಗದ ನಿಮಿತ್ತ ದೇಶದಲ್ಲೆಲ್ಲ ಲಾಕ್‌ಡೌನ್ ಜಾರಿಯಾಯಿತು. ಗಿರಣಿ, ಕಾರಖಾನೆಗಳು ಮುಚ್ಚಿದವು. ಏಪ್ರಿಲ್ ತಿಂಗಳಲ್ಲಿ ದೇಶದ ವಿದ್ಯುತ್ ಬಳಕೆಯು ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಇಳಿಯಿತು. ವಿದ್ಯುತ್ ಪೂರೈಕೆಯು ಅವಶ್ಯಕ ಸೇವೆಯಾದ್ದರಿಂದ ನಿಲ್ಲಲಿಲ್ಲ. ಆದರೆ ದಿನಗೂಲಿಯ ಮೇಲೆ ಕಂಬ ನೆಡುವ, ತಂತಿ ಎಳೆಯುವ ಅನೇಕರಿಗೆ ಕೆಲಸ ತಪ್ಪಿತು.

ಆಗ ನೆರವು ಮೂರು ದಾರಿಗಳಿಂದ ಬಂದಿತು. ಮೊದಲನೆಯದು, ಮೇ 13ರಂದು ಕೇಂದ್ರ ಸರಕಾರವು ವಿದ್ಯುತ್ ವಿತರಣ ಕಂಪನಿಗಳಿಗಾಗಿ ಸಾರಿದ 90,000 ಕೋಟಿ ರೂಪಾಯಿಗಳು. ಇದು ಉತ್ಪಾದಕರ ಬಾಕಿ ತೀರಿಸಲು ಕೊಟ್ಟ ಸಾಲ. ಕಾರ್ಮಿಕರ ಕೈಗೆ ನೇರವಾಗಿ ಬರುವಂಥದಲ್ಲ. ಎರಡನೆಯದು, ನೌಕರರ ರಾಜ್ಯ ವಿಮೆ. ವಿಮೆಯುಳ್ಳವರು ಕೆಲಸ ಕಳೆದುಕೊಂಡರೆ 90 ದಿನಗಳವರೆಗೆ ಸರಾಸರಿ ಕೂಲಿಯ ಶೇಕಡಾ 25ರಷ್ಟು ದೊರೆಯುತ್ತಿದ್ದುದನ್ನು ಆ ವರ್ಷ ಶೇಕಡಾ 50ಕ್ಕೆ ಏರಿಸಿದರು. ಮೂರನೆಯದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ವಿದ್ಯುತ್ತಿನ ಉತ್ಪಾದನೆ, ಸಾಗಾಣಿಕೆ, ವಿತರಣೆಗೆ ಸಂಬಂಧಿಸಿದ ನಿರ್ಮಾಣ ಹಾಗೂ ದುರಸ್ತಿಯ ಕೆಲಸಗಳೂ 1996ರ ಕಾಯ್ದೆಯಲ್ಲಿ ಸೇರಿದ್ದವು; ಕಾರಖಾನೆ ಕಾಯ್ದೆಗೆ ಒಳಪಟ್ಟ ಕೆಲಸಗಳು ಮಾತ್ರ ಸೇರುತ್ತಿರಲಿಲ್ಲ. ಕರ್ನಾಟಕ ಸರಕಾರವು ಈ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಮೊದಲು 2000, ಮೇ ತಿಂಗಳಲ್ಲಿ ಮತ್ತೆ 3000 ರೂಪಾಯಿಗಳನ್ನು ಸಾರಿತು.

ಇಲ್ಲಿಯೇ ವಿಚಾರ ಮಾಡತಕ್ಕ ಮಾತೊಂದಿದೆ. ನಮ್ಮ ಓಣಿಯ ಅಣ್ಣತಮ್ಮಂದಿರಿಬ್ಬರು ಒಬ್ಬನೇ ಗುತ್ತಿಗೆದಾರನ ಕೈಕೆಳಗೆ ತಂತಿ ಎಳೆಯುತ್ತಿದ್ದರು. ತಮ್ಮನ ಹತ್ತಿರ ಮಂಡಳಿಯ ಕಾರ್ಡು ಇತ್ತು. ಅವನ ಖಾತೆಗೆ ಹಣ ಜಮೆಯಾಯಿತು. ಅಣ್ಣನಿಗೆ ಬರಲಿಲ್ಲ. “ಕೆಲಸ ಇಬ್ಬರೂ ಕೂಡೇ ಮಾಡೀವಿ, ತಮ್ಮಾ. ನೀ ಓದಿದಾಂವ, ನೀನರ ಹೇಳು, ನನ್ನ ಹೆಸರು ಯಾಕ ಇಲ್ಲ?” ಎಂದು ಅವರು ನನ್ನನ್ನು ಕೇಳಿದರು. ನಾನು ನಿರುತ್ತರನಾದೆ.

ಅವರ ಪ್ರಶ್ನೆಗೆ ಉತ್ತರವು ನನಗೆ ಅನಂತರ ಹೊಳೆಯಿತು. ಸರಕಾರದ ನೆರವು ಬೆವರನ್ನು ನೋಡಿ ಬರುವದಿಲ್ಲ. ಪಟ್ಟಿಯಲ್ಲಿಯ ಹೆಸರನ್ನು ನೋಡಿ ಬರುವದು. ಹಿಂದಿನ ವರ್ಷದಲ್ಲಿ 90 ದಿನ ದುಡಿದ, 18ರಿಂದ 60 ವಯಸ್ಸಿನ ಕಾರ್ಮಿಕನು ಹೆಸರು ಹಚ್ಚಿಸಬಹುದಾಗಿತ್ತು. ಆ ಅಣ್ಣನಿಗೆ ಅರ್ಹತೆ ಇತ್ತು, ಅರ್ಜಿ ಇರಲಿಲ್ಲ. ಮುಗ್ಗಟ್ಟು ಬಂದ ಮೇಲೆ ಪಟ್ಟಿ ಮಾಡಹೋಗುವದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.

ಈ ಕೊರತೆಯನ್ನು ನೀಗಿಸುವ ಹೊಣೆ ಸರಕಾರದ್ದೂ ಗುತ್ತಿಗೆದಾರರದ್ದೂ ನಿಜ. ಆದರೆ ಅಕ್ಷರ ಬಲ್ಲ ನಾವು ರಜೆಯ ದಿನಗಳಲ್ಲಿ ನಮ್ಮ ನಮ್ಮ ಓಣಿಯ ಕಾರ್ಮಿಕರಿಗೆ ಅರ್ಜಿ ಬರೆದುಕೊಡಲಾರೆವೇ? ಅವರು ಎಳೆದ ತಂತಿಯ ಬೆಳಕಿನಲ್ಲಿಯೇ ನಾವು ಓದುತ್ತಿರುವೆವೆಂಬುದನ್ನು ಮರೆಯದಿರೋಣ.