ಹಗಲಲ್ಲೇ ಕತ್ತಲಾದ ಹರ್ತಿ: ಕಾಸ್ಮಿಕ್ ಹಾರರ್ ಆಟಕ್ಕೆ ನಮ್ಮದೇ ನೆಲದ ಐದು ಕಥೆಗಳು

1980ರ ಫೆಬ್ರವರಿ 16, ಶನಿವಾರ. ಮಧ್ಯಾಹ್ನ ಮೂರೂವರೆ ದಾಟಿತ್ತು. ಅಂಕೋಲೆಯ ಕಡಲ ದಂಡೆಯಿಂದ ಹೊರಟ ಚಂದ್ರನ ನೆರಳು ಹುಬ್ಬಳ್ಳಿ, ಗದಗ ದಾಟಿ ರಾಯಚೂರಿನ ಕಡೆ ಓಡಿತು. ಗದಗ ತಾಲ್ಲೂಕಿನ ಹರ್ತಿ ಆ ನೆರಳಿನ ಪಟ್ಟಿಯ ನಡುಭಾಗದಲ್ಲೇ ಇತ್ತು. ಎರಡು ನಿಮಿಷ ದಾಟಿ, ಮೂರು ತುಂಬುವುದರೊಳಗೆ, ಹಗಲು ಹೋಗಿ ಕತ್ತಲಾಗಿ ಮತ್ತೆ ಹಗಲಾಯಿತು.

ಇದನ್ನು ಎಷ್ಟು ಜನ ನೋಡಿದರು? ಬಹಳ ಕಡಿಮೆ. ದೇಶದ ಎಷ್ಟೋ ಊರುಗಳಲ್ಲಿ ಅಂದು ಬೀದಿಗಳು ಖಾಲಿಯಾಗಿದ್ದವು. ಜನ ಹೊರಗೆ ಬಂದು ಕಣ್ಣು ಕೆಡಿಸಿಕೊಳ್ಳಬಾರದು ಎಂದು ದೂರದರ್ಶನ ಆ ಹೊತ್ತಿಗೆ ಹಿಂದಿ ಸಿನಿಮಾ ಹಾಕಿತ್ತು. ಟಿವಿ ಇಲ್ಲದ ಕಡೆ ಬಾಗಿಲು, ಕಿಟಕಿಗಳೇ ಮುಚ್ಚಿದವು.

ಈಗ ಒಂದು ಪ್ರಶ್ನೆ. ಇಡೀ ಊರು ಬಾಗಿಲು ಹಾಕಿಕೊಂಡಿದ್ದ ಆ ಮೂರು ನಿಮಿಷದಲ್ಲಿ ಹೊರಗೆ ಏನಾಯಿತು?

ಈ ಪ್ರಶ್ನೆ ಕೇಳಿ ಮೈ ಸ್ವಲ್ಪ ಜುಮ್ ಎಂದಿದ್ದರೆ ನೀವು ಈ ಆಟಕ್ಕೆ ತಯಾರಾಗಿದ್ದೀರಿ.

ಏನಿದು ಆಟ?

ಅಮೆರಿಕದ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್ 1920ರ ದಶಕದಲ್ಲಿ ಬರೆದ ಕಥೆಗಳಿಂದ 'ಕಾಸ್ಮಿಕ್ ಹಾರರ್' ಎಂಬ ಪ್ರಕಾರ ಜನಪ್ರಿಯವಾಯಿತು. ಇದರಲ್ಲಿ ದೆವ್ವ ಯಾರ ಮೇಲೂ ಸೇಡು ತೀರಿಸಿಕೊಳ್ಳಲು ಬರುವುದಿಲ್ಲ. ವಿಶ್ವ ಎಷ್ಟು ದೊಡ್ಡದು, ಎಷ್ಟು ಹಳೆಯದು, ಅದರ ಲೆಕ್ಕದಲ್ಲಿ ನಾವು ಇದ್ದೇವೋ ಇಲ್ಲವೋ ಎಂಬುದೇ ಇಲ್ಲಿನ ಭಯ. 1981ರಲ್ಲಿ ಸ್ಯಾಂಡಿ ಪೀಟರ್ಸನ್ ಈ ಕಥೆಗಳನ್ನು ಆಧರಿಸಿ 'ಕಾಲ್ ಆಫ್ ಕಥುಲು' ಎಂಬ ಆಟ ರೂಪಿಸಿದರು. ಅದನ್ನು ಇಂದಿಗೂ ಜಗತ್ತಿನಾದ್ಯಂತ ಆಡುತ್ತಾರೆ.

ಆಡಲು ಬೇಕಾಗುವುದು ಮೂರರಿಂದ ಐದು ಜನ, ಕಾಗದ, ಪೆನ್ನು ಮತ್ತು ದಾಳ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ. ಮಾತೇ ಆಟ:

"ಗಣಿಯೊಳಗ ದೀಪ ಸಣ್ಣಾಗಾಕತ್ತೈತಿ. ಏನ್ ಮಾಡ್ತೀರಿ?"

"ಕಾಕಾ, ನಾ ಕಂದೀಲು ಕೆಳಗ ಹಿಡದು ನೋಡ್ತೀನಿ."

ನೋಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪಾತ್ರಕ್ಕೆ 'ಗಮನಿಸುವ ಶಕ್ತಿ 60' ಇದ್ದರೆ, 1ರಿಂದ 100ರೊಳಗಿನ ಸಂಖ್ಯೆ ತೆಗೆದಾಗ 60 ಅಥವಾ ಅದಕ್ಕಿಂತ ಕಡಿಮೆ ಬಂದರೆ ಗೆದ್ದಂತೆ. ಹತ್ತು ಮುಖದ ದಾಳ ಸಿಗದಿದ್ದರೆ ಚಿಂತೆ ಬೇಡ. 0ಯಿಂದ 9ರವರೆಗೆ ಬರೆದ ಹತ್ತು ಚೀಟಿಗಳನ್ನು ಡಬ್ಬಿಗೆ ಹಾಕಿ. ಒಮ್ಮೆ ಎತ್ತಿದ್ದು ಹತ್ತರ ಸ್ಥಾನ, ಅದನ್ನು ವಾಪಸ್ ಹಾಕಿ ಮತ್ತೆ ಎತ್ತಿದ್ದು ಬಿಡಿ ಸ್ಥಾನ. ಎರಡೂ ಸೊನ್ನೆ ಬಂದರೆ 100.

ಈ ಆಟದಲ್ಲಿ ಪಾತ್ರಗಳಿಗೆ ಮನಸ್ಥೈರ್ಯದ ಅಂಕವೂ ಇರುತ್ತದೆ. ಊಹೆಗೆ ಮೀರಿದ್ದನ್ನು ಕಂಡಾಗ ಅದು ಇಳಿಯುತ್ತದೆ. ಇದು ಆಟದ ಲೆಕ್ಕ ಅಷ್ಟೆ. ನಿಜ ಜೀವನದಲ್ಲಿ ಮಾನಸಿಕ ಕಾಯಿಲೆ 'ಏನೋ ಕಂಡು ಹೆದರಿದ್ದರಿಂದ' ಬರುತ್ತದೆ ಎಂದು ತೀರ್ಮಾನಿಸುವುದು ತಪ್ಪು. ಅದಕ್ಕೆ ವೈದ್ಯರೂ ಇದ್ದಾರೆ, ಚಿಕಿತ್ಸೆಯೂ ಇದೆ.

ಎರಡು ಭಯಗಳು, ಒಂದೇ ಆಕಾಶ

ಗ್ರಹಣದ ಬಗ್ಗೆ ನಮ್ಮಲ್ಲಿರುವ ಭಯ ಹೇಳುವುದೇನು? ಆಕಾಶ ನಮ್ಮನ್ನೇ ನೋಡುತ್ತಿದೆ, ನಾವು ಉಂಡರೆ, ಹೊರಗೆ ಬಂದರೆ, ಬಸುರಿ ಚಾಕು ಹಿಡಿದರೆ ಅದು ತಟ್ಟುತ್ತದೆ ಎಂದು. ಕಾಸ್ಮಿಕ್ ಹಾರರ್ ಹೇಳುವುದು ಇದರ ತಿರುಗುಮುರುಗು: ಆಕಾಶಕ್ಕೆ ನಾವು ಇದ್ದದ್ದೇ ಗೊತ್ತಿಲ್ಲ.

ವಿಜ್ಞಾನದ ಮಾತೂ ಎರಡನೆಯದರ ಹತ್ತಿರವೇ ಇದೆ. ಚಂದ್ರ ಸೂರ್ಯನಿಗೆ ಅಡ್ಡ ಬಂದಾಗ ಬೀಳುವ ನೆರಳು ಹೊಟ್ಟೆಯೊಳಗಿನ ಮಗುವನ್ನು ಹುಡುಕಿಕೊಂಡು ಬರುವುದಿಲ್ಲ. ಆದರೆ ಗ್ರಹಣ ಬಿಡುವವರೆಗೆ ಅನ್ನ, ನೀರು ಬಿಟ್ಟು ಕೂತ ಗರ್ಭಿಣಿಗೆ, ಸಕ್ಕರೆ ಕಾಯಿಲೆಯ ಅಜ್ಜನಿಗೆ ಸುಸ್ತು, ನಿರ್ಜಲೀಕರಣ ನಿಜವಾಗಿಯೇ ಆಗುತ್ತದೆ. ಆದ್ದರಿಂದ ಕೆಳಗಿನ ಐದೂ ಕಥೆಗಳಿಗೆ ನಾವು ಒಂದೇ ನಿಯಮ ಇಟ್ಟುಕೊಂಡಿದ್ದೇವೆ. ಅರ್ಧ ಗುಟ್ಟು ವಿಜ್ಞಾನದಿಂದ ಬಿಡಿಸಬೇಕು. ಉಳಿದರ್ಧ ಕಥೆಯದ್ದು.

1. ಲಕ್ಕುಂಡಿ, 1054: ಹಗಲಲ್ಲಿ ಕಂಡ ನಕ್ಷತ್ರ

ನಿಜ ಸಂಗತಿ: 1054ರ ಜುಲೈನಲ್ಲಿ ವೃಷಭ ರಾಶಿಯ ದಿಕ್ಕಿನಲ್ಲಿ ಹೊಸ ನಕ್ಷತ್ರವೊಂದು ಕಾಣಿಸಿತು. ಅದು 23 ದಿನ ಹಗಲಿನಲ್ಲೂ ಕಾಣುತ್ತಿತ್ತು, ರಾತ್ರಿಯಲ್ಲಿ ಸುಮಾರು ಎರಡು ವರ್ಷ ಕಂಡಿತು ಎಂದು ಚೀನಾದ ಖಗೋಳ ವೀಕ್ಷಕರು ಬರೆದಿಟ್ಟಿದ್ದಾರೆ. ಅದೊಂದು ನಕ್ಷತ್ರದ ಸ್ಫೋಟ. ಅದರ ಅವಶೇಷವನ್ನೇ ಇಂದು ಏಡಿ ನೀಹಾರಿಕೆ ಎನ್ನುತ್ತೇವೆ. ಅದು ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿದೆ.

ಆಗ ನಮ್ಮ ಭಾಗದಲ್ಲಿ ಕಲ್ಯಾಣದ ಚಾಲುಕ್ಯ ಒಂದನೇ ಸೋಮೇಶ್ವರನ ಆಳ್ವಿಕೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ ಅರ್ಧ ಶತಮಾನದ ವಯಸ್ಸು. ಗ್ರಹಣ, ಸಂಕ್ರಾಂತಿಯ ಹೊತ್ತಿಗೆ ದಾನ ಕೊಟ್ಟು ಅದನ್ನು ಕಲ್ಲಿನಲ್ಲಿ ಕೆತ್ತಿಸುವ ಕಾಲ ಅದು.

ಕಥೆ: ಮಳೆ ಮೋಡ ಸರಿದ ಒಂದು ಮುಂಜಾನೆ ಹೊಸ ನಕ್ಷತ್ರ ಕಾಣುತ್ತದೆ. ನಿಮ್ಮ ಪಾತ್ರಗಳು ಒಬ್ಬ ಶಿಲ್ಪಿ, ಒಬ್ಬ ಜೋಯಿಸ, ಒಬ್ಬ ವ್ಯಾಪಾರಿ. ಅಂದು ದಾನಶಾಸನ ಕೆತ್ತಬೇಕು, ಆದರೆ ಪಂಚಾಂಗದಲ್ಲಿ ಈ ನಕ್ಷತ್ರಕ್ಕೆ ಹೆಸರೇ ಇಲ್ಲ. ಕಲ್ಲು ತಿರುಗಿಸಿದರೆ ಹಿಂಬದಿಯಲ್ಲಿ ಅದೇ ನಕ್ಷತ್ರದ ಗುರುತು ಆಗಲೇ ಕೆತ್ತಿದೆ, ಕೆತ್ತನೆ ಮಾತ್ರ ಬಹಳ ಹಳೆಯದು.

ಬಿಡಿಸುವ ಎಳೆ: ನಕ್ಷತ್ರ ಯಾವ ರಾಶಿಯಲ್ಲಿದೆ, ದಿನದಿಂದ ದಿನಕ್ಕೆ ಸರಿಯುತ್ತದೆಯೇ? ಸರಿದರೆ ಗ್ರಹ ಅಥವಾ ಧೂಮಕೇತು. ಸರಿಯದಿದ್ದರೆ ಅದು ಬಹು ದೂರದ್ದು. ಆಟದ ಕೊನೆಗೆ ಕಥೆಗಾರ ಒಂದು ಮಾತು ಹೇಳಬಹುದು: ಆ ಬೆಳಕು ಲಕ್ಕುಂಡಿ ತಲುಪುವ ಹೊತ್ತಿಗೆ ನಕ್ಷತ್ರ ಸ್ಫೋಟಿಸಿ ಸಾವಿರಾರು ವರ್ಷ ಕಳೆದಿತ್ತು.

2. ಜಮಖಂಡಿ, 1868: ಸೂರ್ಯನಲ್ಲಿ ಗುರುತಿಲ್ಲದ ಗೆರೆ

ನಿಜ ಸಂಗತಿ: ಹರ್ತಿಯಿಂದ ಉತ್ತರಕ್ಕೆ ನೂರು ಕಿಲೋಮೀಟರಿಗೂ ಆಚೆ ಇರುವ ಜಮಖಂಡಿಯಲ್ಲಿ 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ ಆಯಿತು. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷಲ್ ಅವರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷಲ್ ಅಲ್ಲಿ ರೋಹಿತದರ್ಶಕ ಇಟ್ಟುಕೊಂಡು ಕಾದಿದ್ದರು. ಮೋಡದ ನಡುವೆ ಸಿಕ್ಕ ಸ್ವಲ್ಪವೇ ಹೊತ್ತಿನಲ್ಲಿ ಸೂರ್ಯನ ಅಂಚಿನ ಜ್ವಾಲೆಯ ಬೆಳಕು ಪ್ರತ್ಯೇಕ ಗೆರೆಗಳಾಗಿ ಒಡೆದದ್ದನ್ನು ಕಂಡರು. ಹಾಗಾದರೆ ಅದು ಉರಿಯಂತೆ ಹೊಳೆಯುವ ಅನಿಲ. ಅದೇ ಗ್ರಹಣವನ್ನು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸನ್ ನೋಡಿದರು. ಆ ಬೆಳಕಿನ ಒಂದು ಹಳದಿ ಗೆರೆ ಭೂಮಿಯ ಮೇಲೆ ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಅದಕ್ಕೆ ಹೀಲಿಯಂ ಎಂದು ಹೆಸರಿಟ್ಟರು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ.

ಕಥೆ: ನೀವು ಶಿಬಿರದ ಗಾಡಿ ಹೊಡೆಯುವವರು, ದುಭಾಷಿ, ಊರ ಕುಲಕರ್ಣಿ. ಗ್ರಹಣ ಮುಗಿದ ಮೇಲೆ ಟಿಪ್ಪಣಿ ಪುಸ್ತಕದ ಒಂದು ಹಾಳೆ ಕಾಣೆ. ನಿಮ್ಮಲ್ಲೊಬ್ಬರು ಸರದಿಯಲ್ಲಿ ಕಣ್ಣಿಟ್ಟಾಗ ಇನ್ನೊಂದು ಗೆರೆ ಕಂಡಿದ್ದರು, ಅದಕ್ಕೆ ಹೇಳಲು ಬಣ್ಣದ ಹೆಸರೇ ಸಿಗುತ್ತಿಲ್ಲ.

ಬಿಡಿಸುವ ಎಳೆ: ಒಬ್ಬರು ಕಂಡದ್ದು ಸಾಕ್ಷಿ ಅಲ್ಲ. ಇನ್ನೊಂದು ಶಿಬಿರಕ್ಕೂ ಅದು ಕಂಡಿತೇ? ಗುಂಟೂರಿಗೆ ತಂತಿ ಕಳಿಸಿ ಹೋಲಿಸಬೇಕು.

ಇದೇ ಕಥೆಯನ್ನು 1871ರ ಡಿಸೆಂಬರ್ 12ಕ್ಕೆ, ಕಾಸರಗೋಡಿನ ಬೇಕಲ ಕೋಟೆಗೂ ಸಾಗಿಸಬಹುದು. ಅಲ್ಲಿ ನಾರ್ಮನ್ ಲಾಕಿಯರ್ ತಂಡ ಗ್ರಹಣ ನೋಡುತ್ತಿದ್ದಾಗ ಊರವರು ರಾಹುವಿಗೆಂದು ಬೆಂಕಿ ಹಾಕಿದರು. ಹೊಗೆ ದೂರದರ್ಶಕಕ್ಕೆ ಅಡ್ಡವಾಗುತ್ತದೆಂದು ಪೊಲೀಸರು ಅದನ್ನು ಆರಿಸಿದರು. ಬೆಂಕಿ ಹಚ್ಚಿದವರ ಪಾತ್ರವನ್ನೂ ನೀವೇ ಆಡಿ ನೋಡಿ.

3. ಕಪ್ಪತಗುಡ್ಡ, 1900ರ ದಶಕ: ಗುಂಡಿಯೊಳಗಿನ ಗುಂಡಿ

ನಿಜ ಸಂಗತಿ: ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಿಗೆ ಹಬ್ಬಿದ ಕಪ್ಪತಗುಡ್ಡದ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಆಗ ಭೂಮಿಯ ಮೇಲೆ ಸೂಕ್ಷ್ಮಜೀವಿಗಳಿದ್ದವು, ಕಣ್ಣಿರುವ ಒಂದು ಪ್ರಾಣಿಯೂ ಇರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಕಂಪನಿಗಳು ಇಲ್ಲಿ ಚಿನ್ನಕ್ಕಾಗಿ ಅಗೆದು, ಕೆಲವೇ ವರ್ಷಗಳಲ್ಲಿ ಬಿಟ್ಟು ಹೋದವು.

ಕಥೆ: ಕೂಲಿಯಾಳುಗಳು ಅಗೆಯುತ್ತಾ ಅದಕ್ಕಿಂತ ಹಳೆಯ ಗುಂಡಿಗೆ ಬೀಳುತ್ತಾರೆ. ಮೊದಲು ಇಳಿದವನು ಮೇಲೆ ಬಂದು ತೊದಲುತ್ತಾನೆ, ಒಳಗೆ ಯಾರೋ ಕರೆದರು ಎನ್ನುತ್ತಾನೆ.

ಬಿಡಿಸುವ ಎಳೆ: ನಮ್ಮ ಕಡೆಯ ಹಗೇವು ಗೊತ್ತಿದ್ದವರು ಇದನ್ನು ಬೇಗ ಬಿಡಿಸುತ್ತಾರೆ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ತೀರಿಸುತ್ತದೆ, ಇಂಗಾಲದ ಡೈಆಕ್ಸೈಡ್ ತಳದಲ್ಲಿ ತುಂಬುತ್ತದೆ. ಬಾಯಿ ತೆಗೆದ ಕೂಡಲೇ ಇಳಿದವರು ಸತ್ತರೆ ಜನ ಅದನ್ನು ಭೂತದ ಕಾಟ ಎನ್ನುತ್ತಿದ್ದರು. ಗಾಳಿಯಲ್ಲಿ ಆಮ್ಲಜನಕ ಸುಮಾರು 21% ಇರುತ್ತದೆ. ಅದು 16–17%ಕ್ಕೆ ಇಳಿದರೆ ಮೇಣದಬತ್ತಿ ಆರುತ್ತದೆ. ಇನ್ನೂ ಇಳಿದರೆ ಮನುಷ್ಯನ ಬುದ್ಧಿಗೆ ಮಂಕು ಕವಿಯುತ್ತದೆ, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಕರೆದ ದನಿಗೆ ಕಾರಣ ಇದೇ ಇರಬಹುದು. ಆದರೆ ಆ ಗುಂಡಿ ಅಗೆದವರು ಯಾರು ಎಂಬುದು ಕಥೆಗಾರನ ಕೈಯಲ್ಲಿರಲಿ.

ಆಟ ಬಿಟ್ಟು ಹೇಳುವುದಾದರೆ: ಹಳೆಯ ಗಣಿ, ಹಗೇವು, ಮ್ಯಾನ್‌ಹೋಲ್ ಯಾವುದಕ್ಕೂ ಇಳಿಯಬೇಡಿ. ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಒಳಗಿನ ಗಾಳಿ ಸುರಕ್ಷಿತ ಅಲ್ಲ. ಒಳಗೆ ಬಿದ್ದವರನ್ನು ಎತ್ತಲು ಇಳಿದವರೇ ಎಷ್ಟೋ ಸಲ ಸಾಯುತ್ತಾರೆ.

4. ಹರ್ತಿ, 1980: ಗೋಡೆಯ ಮೇಲಿನ ಚಿತ್ರ

ಕಥೆ: ಗ್ರಹಣ ಬಿಟ್ಟಿದೆ. ಬಾಗಿಲು ತೆರೆಯುತ್ತಿವೆ. ಊರಲ್ಲಿ ಎಲ್ಲವೂ ಇದ್ದ ಹಾಗೇ ಇದೆ, ಒಂದು ಮನೆಯ ಹುಡುಗಿ ಮಾತ್ರ ಮಾತು ಬಿಟ್ಟಿದ್ದಾಳೆ. ಅವಳು ಹೊರಗೆ ಕಾಲಿಟ್ಟಿಲ್ಲ. ಆದರೂ ಕತ್ತಲ ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಕರಗುವ ಸೂರ್ಯನನ್ನು ಹಂತ ಹಂತವಾಗಿ ಬರೆದಿದ್ದಾಳೆ. ನೀವು ಊರಿನ ಮಾಸ್ತರು, ನರ್ಸು, ಧಾರವಾಡದಿಂದ ರಜೆಗೆ ಬಂದ ವಿದ್ಯಾರ್ಥಿ.

ಬಿಡಿಸುವ ಎಳೆ: ಕಿಟಕಿಯ ಸಣ್ಣ ತೂತಿನಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೆ ಸೂರ್ಯನ ಬಿಂಬ ಮೂಡಿಸುತ್ತದೆ. ಬಾಗಿಲು ಹಾಕಿದರೂ ಗ್ರಹಣ ಒಳಗೆ ಬಂದಿತ್ತು! ಈ ಬಿಂಬ ತಲೆಕೆಳಗಾಗಿರುತ್ತದೆ. ಹಾಗಾಗಿ ಅವಳ ಚಿತ್ರವನ್ನು ತಿರುಗಿಸಿ ನೋಡಿದರೆ ಆಕಾಶದಲ್ಲಿ ನಡೆದದ್ದು ಸರಿಯಾಗಿ ತಿಳಿಯುತ್ತದೆ. ತಿರುಗಿಸಿದಾಗ ಒಂದು ಬಿಂಬದಲ್ಲಿ ಚಂದ್ರನ ಪಕ್ಕ ಇನ್ನೊಂದು ಅಂಚು ಕಾಣುತ್ತದೆ. ಅದೇನು? ಅದೇ ಹೊತ್ತಿಗೆ ಸಿಂಧನೂರಿನ ಬಳಿಯ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಶಿಬಿರ ಹೂಡಿದ್ದರು. ಅವರ ಫೋಟೋ ನೋಡಲು ನಿಮ್ಮ ಪಾತ್ರಗಳು ಬಸ್ಸು ಹತ್ತಬೇಕು.

5. ಕಪ್ಪತಗುಡ್ಡ, ಇಂದು: ಫ್ಯಾನು ಓಡಿಸಿದ ಮೋಡ

ನಿಜ ಸಂಗತಿ: ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ ಇರುವ ಗುಡ್ಡ ಇದು. ಈ ಸೀಮೆಯ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳೂ ತಿರುಗುತ್ತವೆ.

ಕಥೆ: ಮಳೆ ಕೈಕೊಟ್ಟ ವರ್ಷ. 'ಫ್ಯಾನು ಮೋಡ ಓಡಸ್ತಾವು' ಎಂಬ ಧ್ವನಿ ಸಂದೇಶ ಊರೂರು ಸುತ್ತುತ್ತಿದೆ, ಜನ ರೊಚ್ಚಿಗೆದ್ದಿದ್ದಾರೆ. ಇತ್ತ ಕಾಡಿನ ಕ್ಯಾಮೆರಾದಲ್ಲಿ ಪ್ರತಿ ರಾತ್ರಿ ಒಂದೇ ಹೊತ್ತಿಗೆ ಎರಡು ಹೊಳೆಯುವ ಚುಕ್ಕಿಗಳು ಬೀಳುತ್ತಿವೆ. ಧ್ವನಿ ಸಂದೇಶ ಕಳಿಸಿದವರನ್ನು ಹುಡುಕಿದರೆ ಅಂಥ ನಂಬರೇ ಇಲ್ಲ.

ಬಿಡಿಸುವ ಎಳೆ: ಗಾಳಿಯಂತ್ರದ ಕಂಬ ಸುಮಾರು ನೂರು ಮೀಟರ್ ಎತ್ತರ. ಮಳೆ ಮೋಡದ ತಳ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಪಟ್ಟು ಮೇಲಿರುತ್ತದೆ, ಮೋಡದ ರಾಶಿಯೋ ಹಲವು ಕಿಲೋಮೀಟರ್ ಉದ್ದದ್ದು. ಹೊಳೆಯುವ ಚುಕ್ಕಿಗಳು ನಿಶಾಚರ ಪ್ರಾಣಿಯ ಕಣ್ಣಿನ ಹಿಂದಿನ ಪದರದಿಂದ ಮರಳಿದ ಬೆಳಕು. ಹಾಗಾದರೆ ಎರಡು ಚುಕ್ಕಿಗಳ ನಡುವಿನ ಅಂತರ ರಾತ್ರಿಯಿಂದ ರಾತ್ರಿಗೆ ಹೆಚ್ಚುತ್ತಿರುವುದು ಏಕೆ?

ಆಡಿಸುವ ಮುನ್ನ

ಲವ್‌ಕ್ರಾಫ್ಟ್ ಕಥೆಗಳಲ್ಲಿ ಯುರೋಪಿನವರಲ್ಲದ ಜನರೂ ಅವರ ಪೂಜೆಗಳೂ ಕೆಟ್ಟದ್ದರ ಮೂಲವಾಗಿ ಬರುತ್ತವೆ. ಅದು ಅವರ ಜನಾಂಗದ್ವೇಷ. ನಾವು ಅದನ್ನು ನಕಲು ಮಾಡಬೇಕಿಲ್ಲ. ಊರ ದೇವರನ್ನೋ ಒಂದು ಸಮುದಾಯವನ್ನೋ ಖಳರನ್ನಾಗಿ ಮಾಡಬೇಡಿ. ಚಿಕ್ಕ ಮಕ್ಕಳಿದ್ದರೆ ಭಯದ ಮಟ್ಟ ಇಳಿಸಿ. ಯಾರಾದರೂ 'ಸಾಕು' ಎಂದರೆ ಆಟ ಅಲ್ಲಿಗೇ ನಿಲ್ಲಲಿ.

ಇನ್ನೊಂದು ಕೆಲಸ ಇದೆ. 1980ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ಐವತ್ತು ದಾಟಿದ್ದಾರೆ. ಅವರು ನಿಮ್ಮ ಮನೆಯಲ್ಲೇ ಇರಬಹುದು. ನಾಲ್ಕನೇ ಕಥೆ ಆಡಿಸುವ ಮೊದಲು ಅವರನ್ನು ಕೇಳಿ: ಅಂದು ಎಲ್ಲಿದ್ದಿರಿ? ಏನು ಕಂಡಿತು? ಹಕ್ಕಿಗಳು ಗೂಡಿಗೆ ಮರಳಿದವೇ? ಕೆಲವರು ನೋಡಿರುತ್ತಾರೆ. ಹೆಚ್ಚಿನವರು 'ಒಳಗಿದ್ವಿ' ಎನ್ನುತ್ತಾರೆ. ಕಣ್ಣಿಗೆ ಸರಿಯಾದ ಗ್ರಹಣದ ಕನ್ನಡಕ ಹಾಕಿಕೊಂಡು, ಇಲ್ಲವೇ ರಟ್ಟಿನ ತೂತಿನಿಂದ ನೆಲದ ಮೇಲೆ ಬಿಂಬ ಬೀಳಿಸಿಕೊಂಡು, ಅಂದು ಅವರೂ ಅಂಗಳದಲ್ಲಿ ನಿಂತು ಗ್ರಹಣ ನೋಡಬಹುದಿತ್ತು.

ಹೆದರಿಕೆಯನ್ನು ಆಟದ ಹಲಗೆಯ ಮೇಲೆ ಇಟ್ಟು ಖುಷಿಪಡೋಣ. ಮುಂದಿನ ಗ್ರಹಣ ಬಂದಾಗ ಬಾಗಿಲು ತೆರೆದಿರಲಿ.