ಗಾಳಿಯಲ್ಲಿ ತಂತಿ ಎಳೆಯುವವರು

2012ರ ನವೆಂಬರ್ ತಿಂಗಳು. ಚೀನಾದ ಶೆನ್‌ಝೆನ್ ನಗರದಲ್ಲಿ ಮೆಟ್ರೊ ರೈಲುಗಳು ಇದ್ದಕ್ಕಿದ್ದಂತೆ ನಡುದಾರಿಯಲ್ಲಿ ನಿಲ್ಲತೊಡಗಿದವು. ಹಳಿ ಮುರಿದಿರಲಿಲ್ಲ. ವಿದ್ಯುತ್ ಕೈಕೊಟ್ಟಿರಲಿಲ್ಲ. ಹುಡುಕುತ್ತ ಹೋದಾಗ ತೊಂದರೆ ಸಿಕ್ಕಿದ್ದು ಪ್ರಯಾಣಿಕರ ಜೇಬಿನಲ್ಲಿ!

ಆ ರೈಲುಗಳು ನಿಯಂತ್ರಣ ವ್ಯವಸ್ಥೆಯೊಂದಿಗೆ 2.4 ಗಿಗಾಹರ್ಟ್ಸ್ ರೇಡಿಯೋ ಪಟ್ಟಿಯಲ್ಲಿ ಮಾತನಾಡುತ್ತಿದ್ದವು. ಪ್ರಯಾಣಿಕರು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ ಪುಟ್ಟ ವೈ-ಫೈ ಸಾಧನಗಳ ಪಟ್ಟಿಯೂ ಅದೇ. ಜನ ಹೆಚ್ಚಿದಂತೆ ಗದ್ದಲವೂ ಹೆಚ್ಚಿತು. ಗದ್ದಲದಲ್ಲಿ ರೈಲಿಗೆ ಬರಬೇಕಾದ ಸಂದೇಶ ಕಳೆದುಹೋಯಿತು. ‘ಸಂದೇಶ ಬಾರದಿದ್ದರೆ ಅಪಾಯವಿದೆಯೆಂದು ತಿಳಿದು ನಿಲ್ಲು’ ಎಂಬುದು ಇಂಥ ರೈಲಿಗೆ ಕಲಿಸಿರುವ ಮೊದಲ ಪಾಠ. ರೈಲು ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿತು, ಅಷ್ಟೆ.

ಮನೆಯಲ್ಲಿ ವೈ-ಫೈ ಒಂದು ಕ್ಷಣ ನಿಂತರೆ ಸಿನಿಮಾ ನಿಲ್ಲುತ್ತದೆ. ರೈಲಿನಲ್ಲಿ, ಕಾರ್ಖಾನೆಯಲ್ಲಿ, ಬಂದರಿನ ಕ್ರೇನಿನಲ್ಲಿ ನಿಂತರೆ ಕೆಲಸವೇ ನಿಲ್ಲುತ್ತದೆ. ಅದು ನಿಲ್ಲದಂತೆ ನೋಡಿಕೊಳ್ಳುವುದೇ ಒಂದು ಕಸುಬು. ಗೋಡೆಗೆ ಡಬ್ಬಿ ಬಡಿದು ಪಾಸ್‌ವರ್ಡ್ ಹಾಕಿದರೆ ಮುಗಿಯಿತೆಂದು ಹಲವರು ಭಾವಿಸಿದ್ದಾರೆ. ನಿಜದಲ್ಲಿ ಡಬ್ಬಿ ಬಡಿಯುವುದು ಈ ಕೆಲಸದ ಅತ್ಯಂತ ಚಿಕ್ಕ ಭಾಗ.

ಮನೆಯ ಡಬ್ಬಿ, ಕಾರ್ಖಾನೆಯ ಡಬ್ಬಿ

ಆಕ್ಸೆಸ್ ಪಾಯಿಂಟ್ ಎಂದರೆ ತಂತಿಯ ಜಾಲಕ್ಕೂ ತಂತಿಯಿಲ್ಲದ ಸಾಧನಗಳಿಗೂ ನಡುವೆ ಇರುವ ಬಾಗಿಲು. ಒಂದು ಕಡೆ ಕೇಬಲ್, ಇನ್ನೊಂದು ಕಡೆ ಆಂಟೆನಾ. ಈ ವಿಚಾರ ಹೊಸದೇನಲ್ಲ. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು 1971ರಲ್ಲೇ ದ್ವೀಪಗಳ ನಡುವೆ ರೇಡಿಯೋ ಮೂಲಕ ಕಂಪ್ಯೂಟರುಗಳನ್ನು ಜೋಡಿಸಿದ್ದರು. ಇಂದಿನ ವೈ-ಫೈಗೆ ಆಧಾರವಾದ 802.11 ಎಂಬ ಮಾನದಂಡ ಬಂದದ್ದು 1997ರಲ್ಲಿ. ಆಗಿನ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್ ಮಾತ್ರ.

ಮನೆಯ ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ ಸಾಮಾನ್ಯವಾಗಿ 0ಯಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಗೆ ಸಿದ್ಧಪಡಿಸಿರುತ್ತಾರೆ. ಕುಲುಮೆಯ ಪಕ್ಕದಲ್ಲಿ, ಸಿಮೆಂಟಿನ ಧೂಳಿನಲ್ಲಿ, ಮಳೆಗಾಲದ ಅಂಗಳದಲ್ಲಿ ಅದು ಬಾಳದು. ಕೈಗಾರಿಕಾ ಸಾಧನದ ಕವಚ ಲೋಹದ್ದು. ಹಲವು ಮಾದರಿಗಳು ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 75 ಡಿಗ್ರಿವರೆಗೂ ದುಡಿಯುತ್ತವೆ. ಅದರ ಮೈಮೇಲೆ ‘ಐಪಿ 67’ ಎಂದು ಬರೆದಿದ್ದರೆ, 6 ಎಂಬುದು ಧೂಳು ಒಳಗೆ ಹೋಗದೆಂಬುದಕ್ಕೆ, 7 ಎಂಬುದು 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡದೆಂಬುದಕ್ಕೆ ಗುರುತು. ಯಂತ್ರದ ಅದುರಾಟಕ್ಕೆ ಪ್ಲಗ್ ಕಳಚಿಕೊಳ್ಳದಂತೆ ತಿರುಗಿಸಿ ಬಿಗಿಯುವ ಜೋಡಣೆ ಇರುತ್ತದೆ. ಒಂದು ವಿದ್ಯುತ್ ಮೂಲ ಹೋದರೆ ಇನ್ನೊಂದು ಹಿಡಿದುಕೊಳ್ಳಲೆಂದು ಎರಡು ವಿದ್ಯುತ್ ದಾರಿಗಳೂ ಇರುವುದುಂಟು.

ಆದರೆ ಎಷ್ಟೇ ಗಟ್ಟಿಮುಟ್ಟಾದ ಡಬ್ಬಿಯಾದರೂ ರೇಡಿಯೋ ತರಂಗದ ಸ್ವಭಾವವನ್ನು ಬದಲಿಸಲಾರದು. ಕೆಲಸದ ನಿಜವಾದ ಕಷ್ಟ ಇರುವುದು ಅಲ್ಲೇ.

ಮೊದಲು ನಡಿಗೆ, ಆಮೇಲೆ ಡ್ರಿಲ್

ಅರಳಿಕಟ್ಟೆಯ ಮೇಲೆ ಹತ್ತು ಜನ ಕುಳಿತಿದ್ದಾರೆಂದುಕೊಳ್ಳಿ. ಎಲ್ಲರೂ ಒಟ್ಟಿಗೆ ಮಾತನಾಡಿದರೆ ಯಾರ ಮಾತೂ ಕೇಳಿಸದು. ವೈ-ಫೈ ಕೂಡ ಹಾಗೆಯೇ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರ ಮಾತಷ್ಟೇ ಸಲ್ಲುತ್ತದೆ. ಆದ್ದರಿಂದಲೇ ಪ್ರತಿಯೊಂದು ಸಾಧನವೂ ಮೊದಲು ಕಿವಿಗೊಟ್ಟು ಕೇಳಿ, ಯಾರೂ ಮಾತನಾಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಬಾಯಿ ತೆರೆಯುತ್ತದೆ. ಅದನ್ನು ಅಳವಡಿಸುವವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಮೊದಲು ಸ್ಥಳವನ್ನು ಕೇಳಬೇಕು.

ಈ ಕೇಳುವ ಕೆಲಸಕ್ಕೆ ಸೈಟ್ ಸರ್ವೆ ಎಂದು ಹೆಸರು. ಕಾರ್ಖಾನೆಯ ನಕ್ಷೆ ಹಿಡಿದು, ಅಳೆಯುವ ತಂತ್ರಾಂಶವುಳ್ಳ ಲ್ಯಾಪ್‌ಟಾಪ್ ಹೊತ್ತು, ತಂತ್ರಜ್ಞರು ಮೂಲೆ ಮೂಲೆಗೂ ನಡೆಯುತ್ತಾರೆ. ಎಲ್ಲಿ ಸಂಕೇತ ಎಷ್ಟಿದೆ, ಗದ್ದಲ ಎಷ್ಟಿದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಅಳತೆಯ ಮಾನ ಡೆಸಿಬೆಲ್. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧವಾಯಿತು. 10 ಇಳಿದರೆ ಹತ್ತರಲ್ಲೊಂದು ಪಾಲು ಉಳಿಯಿತು. ಅಡೆತಡೆಯಿಲ್ಲದ ಬಯಲಿನಲ್ಲೂ ದೂರ ಎರಡರಷ್ಟಾದರೆ ಶಕ್ತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಭಾನುವಾರ ಯಂತ್ರಗಳು ನಿಂತಿರುವಾಗ, ಗೋದಾಮು ಖಾಲಿ ಇರುವಾಗ ಅಳೆದರೆ ಸಿಗುವುದು ಸುಳ್ಳು ಚಿತ್ರ. ಕಬ್ಬಿಣದ ಕಪಾಟುಗಳು ತರಂಗವನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತವೆ. ನೀರು ತುಂಬಿದ ಬಾಟಲಿಗಳ ರಾಶಿ ಅದನ್ನು ಹೀರಿಕೊಳ್ಳುತ್ತದೆ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತಲೂ ಕಡಿಮೆ. ನೇರವಾಗಿ ಬಂದ ತರಂಗವೂ ತಗಡಿಗೆ ಬಡಿದು ಬಂದ ತರಂಗವೂ ಎದುರುಬದುರಾಗಿ ಸೇರಿದರೆ ಒಂದನ್ನೊಂದು ಅಳಿಸಿಹಾಕಬಲ್ಲವು. ಕೆಲವೇ ಅಂಗುಲ ಪಕ್ಕಕ್ಕೆ ಸರಿದರೆ ಸಂಕೇತ ಮತ್ತೆ ಜೀವಂತ! ಹೀಗಾಗಿ ಸರಕು ತುಂಬಿರುವಾಗ, ಯಂತ್ರ ಓಡುತ್ತಿರುವಾಗ ಅಳೆಯಬೇಕು. ಕ್ಯಾಂಟೀನಿನ ಮೈಕ್ರೊವೇವ್ ಒಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ದುಡಿಯುವುದೂ 2.45 ಗಿಗಾಹರ್ಟ್ಸ್ ಸುತ್ತಲೇ.

ಆಂಟೆನಾ ಎಂಬ ಉದ್ದಿನ ವಡೆ

ಕಡ್ಡಿಯಂಥ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ ತರಂಗ ಚೆಲ್ಲುತ್ತದೆಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅದು ಚೆಲ್ಲುವ ಆಕಾರ ಉದ್ದಿನ ವಡೆಯಂತೆ. ವಡೆಯ ತೂತಿನಲ್ಲಿ ಕಡ್ಡಿ ಚುಚ್ಚಿದರೆ ಹೇಗೋ ಹಾಗೆ. ಸುತ್ತಲೂ ಧಾರಾಳ, ಕಡ್ಡಿಯ ನೇರ ಕೆಳಗೆ ಮತ್ತು ಮೇಲೆ ಕೊರತೆ. ಎತ್ತರದ ಸೂರಿಗೆ ಕಡ್ಡಿಯನ್ನು ಕಟ್ಟಿ, ಸರಿಯಾಗಿ ಅದರ ಕೆಳಗಿನ ಯಂತ್ರಕ್ಕೆ ಸಂಪರ್ಕ ಸಿಗುತ್ತಿಲ್ಲವೆಂದು ಪೇಚಾಡುವುದು ಹೊಸಬರು ಮಾಡುವ ತಪ್ಪು.

ಉದ್ದನೆಯ ಓಣಿಗೆ ಒಂದೇ ದಿಕ್ಕಿಗೆ ಚೆಲ್ಲುವ ಆಂಟೆನಾ ಬೇಕು. ಹಳಿಯ ಮೇಲೆ ಅತ್ತಿಂದಿತ್ತ ಓಡಾಡುವ ಕ್ರೇನಿಗೆ ಉದ್ದಕ್ಕೂ ಸಣ್ಣ ಸೀಳುಗಳಿರುವ, ಬೇಕೆಂದೇ ತರಂಗ ಸೋರಲು ಬಿಟ್ಟ ವಿಶೇಷ ಕೇಬಲ್ ಹಾಸುವುದುಂಟು. ಎರಡು ಕಟ್ಟಡಗಳ ನಡುವೆ ಸಂಪರ್ಕ ಬೇಕಾದರೆ ಕಣ್ಣಿಗೆ ಕಂಡರೆ ಸಾಲದು. 1 ಕಿಲೋಮೀಟರ್ ದೂರಕ್ಕೆ 2.4 ಗಿಗಾಹರ್ಟ್ಸ್ ತರಂಗ ನಡುದಾರಿಯಲ್ಲಿ ನೇರಗೆರೆಯ ಸುತ್ತ ಸುಮಾರು ಐದೂವರೆ ಮೀಟರ್ ಜಾಗ ಬೇಡುತ್ತದೆ. ಅದರಲ್ಲಿ ಹೆಚ್ಚಿನ ಪಾಲಾದರೂ ತೆರವಾಗಿರಬೇಕು. ಬೇಸಿಗೆಯಲ್ಲಿ ಚೆನ್ನಾಗಿದ್ದ ಸಂಪರ್ಕ ಮಳೆಗಾಲದಲ್ಲಿ ಮರ ಚಿಗುರಿದಾಗ ಸೊರಗಿದರೆ ಅಚ್ಚರಿಯಿಲ್ಲ.

ಆಂಟೆನಾದ ಕೇಬಲ್ ಉದ್ದವಾದಷ್ಟೂ ಶಕ್ತಿ ದಾರಿಯಲ್ಲೇ ಕರಗುತ್ತದೆ. ಆದ್ದರಿಂದ ಡಬ್ಬಿಯನ್ನು ಆಂಟೆನಾದ ಹತ್ತಿರ ಇಟ್ಟು, ದೂರದ ಪಯಣವನ್ನು ನೆಟ್‌ವರ್ಕ್ ಕೇಬಲ್‌ಗೆ ಬಿಡುವುದು ಜಾಣತನ. ಆ ಕೇಬಲ್‌ನ ಮಿತಿ 100 ಮೀಟರ್. ವಿದ್ಯುತ್ತನ್ನೂ ಅದರಲ್ಲೇ ಕಳುಹಿಸುವ ಏರ್ಪಾಡು ಇದೆ. ಹೊರಾಂಗಣದಲ್ಲಿ ಸಿಡಿಲು ತಡೆಯುವ ಸಾಧನ ಮತ್ತು ಸರಿಯಾದ ಅರ್ಥಿಂಗ್ ಕಡ್ಡಾಯ. ಕೇಬಲ್ ಒಳಹೋಗುವ ಮುನ್ನ ಅದನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಬಿಟ್ಟರೆ ಮಳೆಹನಿ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ನುಗ್ಗುವುದಿಲ್ಲ. ಖರ್ಚಿಲ್ಲದ ಈ ಉಪಾಯ ದುಬಾರಿ ಸಾಧನವನ್ನು ಉಳಿಸುತ್ತದೆ.

ಹೆಸರು, ವಿಳಾಸ, ಬೀಗ

ಸಾಧನಕ್ಕೆ ಬೇಕಾದ ಸೂಚನೆಗಳನ್ನು ತುಂಬುವ ಕೆಲಸವನ್ನು ಏಣಿ ಹತ್ತುವ ಮುನ್ನ ಮೇಜಿನ ಮೇಲೆಯೇ ಮುಗಿಸಬೇಕು. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಜೋಡಿಸಿ, ಬ್ರೌಸರಿನಲ್ಲಿ ಸಾಧನದ ವಿಳಾಸ ಬರೆದರೆ ಅದರ ಪುಟ ತೆರೆಯುತ್ತದೆ. ಮೊದಲ ಕೆಲಸ, ತಯಾರಕರು ಕೊಟ್ಟ ಪಾಸ್‌ವರ್ಡನ್ನು ಬದಲಿಸುವುದು. ಅದನ್ನು ಹಾಗೆಯೇ ಬಿಡುವುದೆಂದರೆ ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟು ಊರಿಗೆ ಹೋದಂತೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಕ್ಯಾಮರಾ, ರೂಟರುಗಳನ್ನು ವಶಪಡಿಸಿಕೊಂಡದ್ದು ಇಂಥ ಬದಲಾಗದ ಪಾಸ್‌ವರ್ಡ್‌ಗಳ ಬಲದಿಂದಲೇ.

ಎರಡನೆಯದು ದೇಶದ ಆಯ್ಕೆ. ಭಾರತ ಸರ್ಕಾರ 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು; 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯನ್ನು ಇನ್ನಷ್ಟು ವಿಸ್ತಾರವಾಗಿ ತೆರೆಯಿತು. ಪರವಾನಗಿ ಬೇಡವೆಂದರೆ ಮಿತಿಯೇ ಇಲ್ಲವೆಂದಲ್ಲ. ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದೆಂಬುದಕ್ಕೆ ಕಾನೂನಿನ ಕಟ್ಟುಪಾಡಿದೆ. ಆಂಟೆನಾದಿಂದ ಬರುವ ಬಲವೂ ಆ ಲೆಕ್ಕದಲ್ಲಿ ಸೇರುತ್ತದೆ.

ಮೂರನೆಯದು ಚಾನೆಲ್. 2.4 ಗಿಗಾಹರ್ಟ್ಸ್‌ನಲ್ಲಿ 13 ಚಾನೆಲ್‌ಗಳು ಕಂಡರೂ ಅವು ಒಂದರ ಮೇಲೊಂದು ಹತ್ತಿಕೊಂಡಿವೆ. ಪರಸ್ಪರ ತಾಗದೆ ಜೊತೆಯಾಗಿ ಬಳಸಬಹುದಾದವು 1, 6 ಮತ್ತು 11 ಎಂಬ ಮೂರೇ. ಅಕ್ಕಪಕ್ಕದ ಆಕ್ಸೆಸ್ ಪಾಯಿಂಟುಗಳಿಗೆ ಇವನ್ನೇ ಹಂಚಬೇಕು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು. ಆದರೆ ಅದರ ಕೆಲವು ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ಆ ಚಾನೆಲ್‌ನಲ್ಲಿ ರೇಡಾರ್ ಕಂಡರೆ ಸಾಧನ ತಕ್ಷಣ ಜಾಗ ಖಾಲಿ ಮಾಡಬೇಕೆಂಬ ನಿಯಮ ಹಲವು ದೇಶಗಳಲ್ಲಿದೆ. ಚಾಲಕನಿಲ್ಲದ ಗಾಡಿ ಓಡುತ್ತಿರುವಾಗ ಇಂಥ ಎತ್ತಂಗಡಿಯಾದರೆ ಗಾಡಿ ನಿಲ್ಲಬಹುದು. ಅಂಥಲ್ಲಿ ರೇಡಾರಿನ ಹಂಗಿಲ್ಲದ ಚಾನೆಲ್ಲೇ ಕ್ಷೇಮ.

ಶಕ್ತಿಯನ್ನು ಗರಿಷ್ಠಕ್ಕೆ ಏರಿಸುವುದೂ ಒಳ್ಳೆಯದಲ್ಲ. ಆಕ್ಸೆಸ್ ಪಾಯಿಂಟಿನ ಜೋರು ದನಿ ದೂರದ ಪುಟ್ಟ ಸಾಧನಕ್ಕೆ ಕೇಳಿಸೀತು. ಅದರ ಮೆಲುದನಿಯ ಉತ್ತರ ಹಿಂದಿರುಗಿ ಬರಬೇಡವೇ? ಸಂಭಾಷಣೆ ಎರಡೂ ಕಡೆಯಿಂದ ನಡೆಯಬೇಕು.

ಕೊನೆಯದು ಬೀಗ. 1997ರ ಮಾನದಂಡದೊಂದಿಗೆ ಬಂದ ಡಬ್ಲ್ಯುಇಪಿ ಎಂಬ ಗುಪ್ತಲಿಪಿಯನ್ನು 2001ರ ಹೊತ್ತಿಗೇ ಸಂಶೋಧಕರು ಒಡೆದು ತೋರಿಸಿದ್ದರು. ಹಾಗಾಗಿ ಡಬ್ಲ್ಯುಪಿಎ-2, ಸಾಧ್ಯವಾದರೆ 2018ರಲ್ಲಿ ಬಂದ ಡಬ್ಲ್ಯುಪಿಎ-3 ಬಳಸಬೇಕು. ಕಚೇರಿಯ ಕಂಪ್ಯೂಟರುಗಳ ಜಾಲವೂ ಯಂತ್ರಗಳ ಜಾಲವೂ ಬೇರೆ ಬೇರೆ ಇರಬೇಕು. ಅತಿಥಿಯ ಫೋನಿಗೂ ಯಂತ್ರದ ಗುಂಡಿಗೂ ನಡುವೆ ಗೋಡೆ ಇರಲೇಬೇಕು.

ಮುನಿದವನೊಬ್ಬನ ಕಥೆ

ಬೀಗದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಏಕೆ? ಆಸ್ಟ್ರೇಲಿಯಾದ ಮರೂಚಿ ಎಂಬ ಪ್ರದೇಶ ಇದಕ್ಕೆ ಉತ್ತರ ಹೇಳುತ್ತದೆ. ಅಲ್ಲಿನ ಒಳಚರಂಡಿ ಪಂಪುಗಳನ್ನು ರೇಡಿಯೋ ಮೂಲಕ ನಿಯಂತ್ರಿಸಲಾಗುತ್ತಿತ್ತು. ಅದು ವೈ-ಫೈ ಅಲ್ಲ, ಆದರೆ ತತ್ತ್ವ ಒಂದೇ. 2000ನೇ ಇಸವಿಯ ಮೊದಲ ತಿಂಗಳುಗಳಲ್ಲಿ ಪಂಪುಗಳು ಕಾರಣವಿಲ್ಲದೆ ನಿಲ್ಲತೊಡಗಿದವು; ಸುಮಾರು 8 ಲಕ್ಷ ಲೀಟರ್ ಕೊಳಚೆ ಉದ್ಯಾನಗಳಿಗೂ ನದಿಗೂ ಹರಿಯಿತು. ಮೊದಲಿಗೆ ಎಲ್ಲರೂ ಯಂತ್ರದ ದೋಷವೆಂದೇ ತಿಳಿದಿದ್ದರು. ಕೊನೆಗೆ ಸಿಕ್ಕಿಬಿದ್ದವನು ಆ ವ್ಯವಸ್ಥೆಯನ್ನು ಅಳವಡಿಸಿದ ಕಂಪನಿಯಲ್ಲಿ ಹಿಂದೆ ಕೆಲಸ ಮಾಡಿದ್ದವನೇ! ಸ್ಥಳೀಯ ಆಡಳಿತದಲ್ಲಿ ಕೆಲಸ ಸಿಗಲಿಲ್ಲವೆಂಬ ಮುನಿಸಿನಿಂದ ಕಾರಿನಲ್ಲಿ ಲ್ಯಾಪ್‌ಟಾಪ್, ರೇಡಿಯೋ ಇಟ್ಟುಕೊಂಡು ಪಂಪುಗಳಿಗೆ ಸುಳ್ಳು ಆಜ್ಞೆ ಕಳುಹಿಸುತ್ತಿದ್ದ. 2001ರಲ್ಲಿ ಅವನಿಗೆ 2 ವರ್ಷದ ಶಿಕ್ಷೆಯಾಯಿತು.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಕೆಲಸ ಬಿಟ್ಟು ಹೋದವರ ಕೀಲಿಕೈಯನ್ನು ಅಂದೇ ರದ್ದು ಮಾಡಬೇಕು. ಇನ್ನೊಂದು, ಈ ಕಸುಬಿನಲ್ಲಿ ಜಾಣ್ಮೆಯಷ್ಟೇ ನಂಬಿಕೆಯೂ ದೊಡ್ಡದು. ಅಳವಡಿಸುವವರ ಕೈಗೆ ಇಡೀ ಊರಿನ ಬಾಗಿಲು ಸಿಗುತ್ತದೆ.

ಕೊನೆಯ ಪರೀಕ್ಷೆ

ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ನಡಿಗೆ. ಒಂದು ಆಕ್ಸೆಸ್ ಪಾಯಿಂಟಿನ ವ್ಯಾಪ್ತಿಯಿಂದ ಇನ್ನೊಂದಕ್ಕೆ ಗಾಡಿ ದಾಟುವಾಗ ಸಂದೇಶ ಎಷ್ಟು ಹೊತ್ತು ತಡೆಯುತ್ತದೆಂದು ಅಳೆಯಬೇಕು. ಬೇಕೆಂದೇ ಒಂದರ ವಿದ್ಯುತ್ ತೆಗೆದು ಪಕ್ಕದ್ದು ಹೊಣೆ ಹೊರುತ್ತದೆಯೇ ಎಂದು ನೋಡಬೇಕು. ಸಂಪರ್ಕ ಪೂರ್ತಿ ಕಡಿದಾಗ ಯಂತ್ರ ಸುರಕ್ಷಿತವಾಗಿ ನಿಲ್ಲುತ್ತದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ ಪರೀಕ್ಷೆ. ಶೆನ್‌ಝೆನ್‌ನ ರೈಲುಗಳು ಜನರನ್ನು ಕಾಯಿಸಿದ್ದು ನಿಜ. ಆದರೆ ಸಂದೇಶವಿಲ್ಲದೆ ಕುರುಡಾಗಿ ಮುನ್ನುಗ್ಗಲಿಲ್ಲ ಎಂಬುದನ್ನೂ ಮರೆಯಬಾರದು.

ಆಮೇಲೆ ಬರವಣಿಗೆ. ಯಾವ ಸಾಧನ ಎಲ್ಲಿದೆ, ಯಾವ ಚಾನೆಲ್, ಯಾವ ವಿಳಾಸ, ಎಂದು ಅಳವಡಿಸಿದ್ದು ಎಂಬುದೆಲ್ಲ ದಾಖಲಾಗಬೇಕು. ಸೂಚನೆಗಳ ಪ್ರತಿಯೊಂದನ್ನು ಬೇರೆಡೆ ಜೋಪಾನವಾಗಿಡಬೇಕು. ನಡುರಾತ್ರಿ ಸಾಧನ ಸುಟ್ಟುಹೋದಾಗ ಕಾರ್ಖಾನೆಯನ್ನು ಕಾಪಾಡುವುದು ಈ ದಾಖಲೆಯೇ.

ಮನೆಯಲ್ಲೇ ಮೊದಲ ಪಾಠ

ಐಟಿಐನಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಓದಿದವರಿಗೂ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವರಿಗೂ ಈ ಕೆಲಸದ ಬಾಗಿಲು ತೆರೆದಿದೆ. ಭೌತವಿಜ್ಞಾನದ ತರಂಗಗಳ ಅಧ್ಯಾಯ, ಗಣಿತದ ಲಾಗರಿತಮ್ ಪರೀಕ್ಷೆಗಾಗಿ ಮಾತ್ರ ಓದುವ ಪಾಠಗಳಲ್ಲ. ಡೆಸಿಬೆಲ್ ಎಂಬುದು ಲಾಗರಿತಮ್ಮಿನ ಕೂಸು. ಎತ್ತರಕ್ಕೆ ಹತ್ತುವ ಕೆಲಸವಾದ್ದರಿಂದ ಸುರಕ್ಷಾ ಬೆಲ್ಟ್, ಹೆಲ್ಮೆಟ್ ಧರಿಸುವ ಶಿಸ್ತೂ ಅಷ್ಟೇ ಅಗತ್ಯ.

ಕಲಿಯಲು ಕಾರ್ಖಾನೆಯೇ ಬೇಕೆಂದಿಲ್ಲ. ಸಂಕೇತದ ಬಲ ತೋರಿಸುವ ಸಾಧಾರಣ ಆ್ಯಪ್ ಒಂದನ್ನು ಫೋನಿನಲ್ಲಿ ಹಾಕಿಕೊಂಡು, ರಜೆಯ ದಿನ ಮನೆಯ ಪ್ರತಿ ಕೋಣೆಯಲ್ಲೂ ನಿಂತು ಅಳತೆ ಬರೆದುಕೊಳ್ಳಬಹುದು. ಡಬ್ಬಿಯ ಮುಂದೆ ಒಮ್ಮೆ ಸ್ಟೀಲ್ ತಟ್ಟೆ, ಒಮ್ಮೆ ನೀರಿನ ಕ್ಯಾನ್ ಇಟ್ಟು ಏನಾಗುತ್ತದೆಂದು ನೋಡಬಹುದು. ತಂದೆ ತಾಯಿಯರೂ ಜೊತೆಗೂಡಲಿ. ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಬರೆದು ಆ ಅಂಕಿಗಳನ್ನು ತುಂಬಿದರೆ, ಮಗಳೋ ಮಗನೋ ತಮ್ಮ ಮೊದಲ ಸೈಟ್ ಸರ್ವೆ ಮುಗಿಸಿದಂತೆಯೇ.